ಮಾಡಿದವರು ಯಾರೂ ಇಲ್ಲ

ಅಮ್ಮ ಇಸ್ತ್ರಿ ಮಾಡಿದ ಅಂಗಿಗಳನ್ನು ನಾನು ಮಡಚಿಡುತ್ತಿದ್ದೆ. ಬಲ್ಬು ಬದಲಿಸಲು ಏಣಿ ಹತ್ತಿದ ಅಪ್ಪ ಬಿದ್ದು ತೀರಿಕೊಂಡ ಮೇಲೆ ನಮ್ಮ ಇಸ್ತ್ರಿ ಅಂಗಡಿಯಲ್ಲಿ ಮಾತು ಕಡಿಮೆ. ಹತ್ತಲು ಹೇಳಿದವಳು ತಾನೇ ಎಂದು ಕೊರಗಿ ಕೊರಗಿ ಅಮ್ಮ ನಿದ್ದೆಯನ್ನೇ ಕಳೆದುಕೊಂಡಿದ್ದಳು.

ಈಚೆಗೆ ಅವಳು ಫೋನಿನಲ್ಲಿ ಒಬ್ಬ ಗುರುಗಳ ಮಾತು ಕೇಳುತ್ತಾಳೆ. ಇರುವುದೆಲ್ಲ ಒಂದೇ, ಎರಡಿಲ್ಲ. ಎಲ್ಲವೂ ತಾನಾಗಿ ನಡೆಯುತ್ತದೆ, ಮಾಡುವವರು ಯಾರೂ ಇಲ್ಲ ಎನ್ನುತ್ತಾರೆ ಅವರು.

ಇದ್ದಕ್ಕಿದ್ದಂತೆ ಸುಟ್ಟ ವಾಸನೆ ಬಂತು. ಅಣ್ಣ ಗಿರಾಕಿಯ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಬಿಟ್ಟು ಬೀದಿ ನೋಡುತ್ತ ನಿಂತಿದ್ದ.

“ನಾನೇನೂ ಮಾಡ್ಲಿಲ್ಲಮ್ಮ, ಅದಾಗೇ ಸುಟ್ಟೋಯ್ತು. ಬೇಕಾದ್ರೆ ನಿನ್ನ ಗುರುಗಳನ್ನೇ ಕೇಳು!” ಎಂದ.

“ಬಂದ್ಬಿಟ್ಟ ದೊಡ್ಡ ವೇದಾಂತಿ! ಗಿರಾಕಿ ಹತ್ರ ಹೀಗೇ ಹೇಳು, ಕೆನ್ನೆಗೆ ಏಟೂ ಅದಾಗೇ ಬೀಳುತ್ತೆ.”

“ಹಾಗಾದ್ರೆ ಗುರುಗಳು ಹೇಳೋದು ಸುಳ್ಳಾಮ್ಮ?” ನಾನು ಮೆಲ್ಲಗೆ ಕೇಳಿದೆ.

ಅಮ್ಮ ಸುಟ್ಟ ಅಂಗಿಯನ್ನು ಎತ್ತಿ ಅಣ್ಣನ ಕೈಗಿಟ್ಟಳು. “ತಪ್ಪಿಸ್ಕೊಳ್ಳೋನ ಬಾಯಲ್ಲಿ ಸುಳ್ಳೇ ಕಣೇ. ಪೆಟ್ಟಿಗೆ ಕಾದಿದೆ ಅಂತ ಇವನಿಗೆ ಗೊತ್ತಿತ್ತು. ಏಣಿ ಜಾರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಅದಕ್ಕೇ ನಂಗೆ ಗುರುಗಳ ಆ ಮಾತು ಬೇಕಿತ್ತು.”

ಅಣ್ಣ ಅಂಗಿ ಹಿಡಿದು, ತಲೆ ತಗ್ಗಿಸಿಕೊಂಡು ಗಿರಾಕಿಯ ಮನೆಗೆ ಹೊರಟ. ಅಮ್ಮ ಒಳಗಿನ ಚಾಪೆಯ ಮೇಲೆ ಅಡ್ಡಾದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿ ನನ್ನ ಎದೆ ಹಗುರಾಯಿತು. ಹೋಗಿ ಪಕ್ಕದಲ್ಲಿ ಕೂತು, ಅವಳಿಗೆ ಎಚ್ಚರವಾಗದಂತೆ ಪಿಸುಗುಟ್ಟಿದೆ.

“ಅಮ್ಮಾ, ಸ್ವಲ್ಪ ಆಚೆ ಸರ್ಕೋ, ನಾನೂ ಮಲಗ್ತೀನಿ.”