ಉಜ್ಜೀಯನ ಪಾತ್ರ

ಉಜ್ಜೀಯ ಎಂಬ ಅರಸನ ಹೆಸರನ್ನು ನಾನು ಮೊದಲು ಕೇಳಿದ್ದು ಬಸ್ತ್ಯಾಂವ ಮಾಸ್ತರ ಬಾಯಲ್ಲಿ. ಅದು ೨೦೦೩ನೇ ಇಸವಿ. ಭಾವಿಕೇರಿಯ ನಮ್ಮ ಮನೆ ಬಿಟ್ಟು ಕಾರವಾರದ ಶಾಲೆಯೊಂದರಲ್ಲಿ ಕನ್ನಡ ಕಲಿಸಲು ಸೇರಿದ್ದೆ. ಬೈತಖೋಲದಲ್ಲಿ ಮಾಸ್ತರ ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಕಿಟಕಿ ತೆರೆದರೆ ಬಂದರದ ಡೀಸೆಲ್ ವಾಸನೆ, ಒಣಮೀನಿನ ವಾಸನೆ, ಅವೆರಡನ್ನೂ ಮೀರಿಸಿ ಮಾಸ್ತರ ಹೆಂಡತಿ ನಾತಾಲಿನ್ ಬಾಯಿ ಹುರಿಯುವ ಮಸಾಲೆಯ ಘಮ. ಈಗಲೂ ಎಲ್ಲಾದರೂ ಕೊತ್ತಂಬರಿ ಬೀಜ ಹುರಿದರೆ ಸಾಕು, ನಾನು ಆ ಕೋಣೆಯಲ್ಲಿರುತ್ತೇನೆ.

ಮಾಸ್ತರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಅವರ ಇಗರ್ಜಿ, ಎಂದರೆ ಚರ್ಚು, ತೀರ ಚಿಕ್ಕದು. ಎಷ್ಟೋ ವರ್ಷ ಪಾದ್ರಿಗಳು ತಿಂಗಳಿಗೆ ಎರಡು ಸಲ ಬಂದು ಹೋಗುತ್ತಿದ್ದರು, ಅಷ್ಟೇ. ಉಳಿದದ್ದೆಲ್ಲ ಮಾಸ್ತರದೇ: ಮಕ್ಕಳಿಗೆ ಪಾಠ, ಮದುವೆಯ ಹಾಡು, ಸಾಯುವವರ ಪಕ್ಕದಲ್ಲಿ ಪ್ರಾರ್ಥನೆ. ಒಂದು ವರ್ಷ ಬೋಟು ಮುಳುಗಿ ನಾಲ್ಕು ಮಂದಿ ಹೋದಾಗ ಅವರು ಮೂರು ದಿನ ಬಂದರದ ಧಕ್ಕೆಯ ಮೇಲೆಯೇ ಕೂತಿದ್ದರಂತೆ. ಹೋದವರಲ್ಲಿ ಇಗರ್ಜಿಯವನು ಒಬ್ಬನೇ. ಮಾಸ್ತರು ನಾಲ್ವರ ಮನೆಯವರಿಗೂ ಗಂಜಿ ಕುಡಿಸಿ ಎಬ್ಬಿಸಿದರು ಎಂದು ಮೀನು ಮಾರುವ ಕಾಮಿ ನನಗೆ ಹೇಳಿದ್ದಳು. ಆ ನಾಲ್ವರಲ್ಲಿ ಒಬ್ಬ ಅವಳ ತಮ್ಮ.

ನಾನು ಹೋಗುವ ಹೊತ್ತಿಗೆ ಆ ಒಳ್ಳೆಯತನ ಹಾಗೇ ಇತ್ತು, ಆದರೆ ಅದು ಅವರಿಗೆ ಗೊತ್ತಾಗಿಬಿಟ್ಟಿತ್ತು. ಇಗರ್ಜಿಯ ಮೊದಲ ಬೆಂಚಿನಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಆ ವರ್ಷ ಅಲ್ಲೇ ಉಳಿಯಲೆಂದು ಬಂದ ಪಾದ್ರಿ ಇನ್ನೂ ಮೂವತ್ತು ದಾಟದವರು. ಅವರ ಪ್ರವಚನ ಮುಗಿದ ಮೇಲೆ ಮಾಸ್ತರು ಮೆಟ್ಟಿಲ ಮೇಲೆ ನಿಂತು ಜನರಿಗೆ ಅದೇ ವಿಷಯವನ್ನು ತಿದ್ದಿ ಹೇಳುತ್ತಿದ್ದರು. ಪಾದ್ರಿ ಏನೂ ಆಗದವರಂತೆ ಮಕ್ಕಳನ್ನು ಮಾತಾಡಿಸುತ್ತಿದ್ದರು.

ಕ್ರಿಸ್‌ಮಸ್ಸಿಗೆ ನಾಟಕ ಬರೆಯುವ ಮನಸ್ಸಾಯಿತು ಮಾಸ್ತರಿಗೆ. ಮನೆಯಲ್ಲಿ ಕೊಂಕಣಿ, ಕಲಿತದ್ದೂ ಕಲಿಸಿದ್ದೂ ಮರಾಠಿ. ಕನ್ನಡದ ಕಾಗುಣಿತದಲ್ಲಿ ಅವರಿಗೆ ಧೈರ್ಯ ಸಾಲದು. ಹಾಗಾಗಿ ಅವರು ಹೇಳುವುದು, ನಾನು ಬರೆಯುವುದು. ಶಾಲೆ ಬಿಟ್ಟು ಬಂದು, ಚಹಾ ಕುಡಿದು, ಜಗುಲಿಯಲ್ಲಿ ಕೂತರೆ ಸೂರ್ಯ ಮುಳುಗುವ ತನಕ ಅದೇ ಕೆಲಸ. ಅಂಥ ಸಂಜೆಗಳು ನನಗೆ ಮತ್ತೆ ಸಿಗಲಿಲ್ಲ.

ನಾಟಕದ ಕಥೆ ಬೈಬಲಿನದು: ಉಜ್ಜೀಯ ಹದಿನಾರನೇ ವಯಸ್ಸಿಗೆ ಯೆಹೂದ ನಾಡಿನ ಪಟ್ಟಕ್ಕೆ ಬಂದವನು. ಬುರುಜು ಕಟ್ಟಿಸಿದ, ಬಾವಿ ತೋಡಿಸಿದ. ಮಣ್ಣಿನ ಮೇಲೆ ಅವನಿಗೆ ಪ್ರೀತಿ. ದೇವರಿಗೆ ಅಂಜಿ ನಡೆಯುವಷ್ಟು ಕಾಲ ಎಲ್ಲವೂ ಕೈಗೂಡಿತು. ಬಲ ಬಂತು, ಬಲದ ಹಿಂದೆ ಗರ್ವ ಬಂತು. ಒಂದು ದಿನ, ಯಾಜಕರು ಮಾತ್ರ ಮಾಡಬೇಕಾದ ಧೂಪಸೇವೆಯನ್ನು ತಾನೇ ಮಾಡುತ್ತೇನೆಂದು ಧೂಪಾರತಿ ಹಿಡಿದು ದೇವಾಲಯದೊಳಗೆ ನಡೆದ. ಮುಖ್ಯ ಯಾಜಕ ಅಜರ್ಯ ಅಡ್ಡ ನಿಂತ. ಅರಸ ಸಿಟ್ಟಿನಿಂದ ಕೂಗಾಡುತ್ತಿದ್ದಂತೆ ಅವನ ಹಣೆಯ ಮೇಲೆ ಕುಷ್ಠ ಎದ್ದಿತು. ಸಾಯುವ ತನಕ ಬೇರೆ ಮನೆಯಲ್ಲಿ ಒಬ್ಬನೇ ಇದ್ದ.

"ಅರಸ ಸೌಲ, ಉಜ್ಜೀಯ, ಬಾಬೆಲಿನ ಅರಸ... ಬಿದ್ದವರೆಲ್ಲ ದೊಡ್ಡವರೇ ನೋಡು ನಂದಿನಿಬಾಯ್," ಎಂದು ನನಗೆ ಹೇಳುತ್ತಿದ್ದರು ಮಾಸ್ತರು. "ಸಣ್ಣವನಿಗೆ ಬೀಳೂಕೆ ಎತ್ತರವೇ ಇಲ್ಲ."

ಅರಸನ ಪಾತ್ರ ಅವರದೇ. ಅಜರ್ಯನ ಪಾತ್ರಕ್ಕೆ ಅವರು ಆರಿಸಿದ್ದು ಅವರ್ಸಾದ ಹುಲಿಯಾನನ್ನು. ಹುಲಿಯಾ ಮಳೆಗಾಲದಲ್ಲಿ ಗದ್ದೆ ಮಾಡಿ, ಉಳಿದ ದಿನ ಬಂದರದಲ್ಲಿ ಲೋಡಿಂಗ್ ಕೆಲಸಕ್ಕೆ ಬರುತ್ತಿದ್ದ. ಸುಗ್ಗಿಯ ಹಾಡು ಹೇಳಿ ಪಳಗಿದ ಗಂಟಲು. ಓದು ಬಾರದು. ನಾನು ಒಂದೊಂದೇ ಸಾಲು ಹೇಳಿಕೊಟ್ಟರೆ ಅವನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ಕೇಳಿದ, "ಅಕ್ಕೋರೆ, ಈ ರಾಜಂಗೆ ಮಣ್ಣಂದ್ರೆ ಪ್ರೀತಿ ಅಂದ್ರಲಾ? ಮತ್ತೆ ಅವ ಗದ್ದೆಗೆ ಹೋಗೂದ್ ಬಿಟ್ಟದ್ ಯಾವಾಗ?" ಪುಸ್ತಕದಲ್ಲಿ ಅದಿಲ್ಲ ಎಂದೆ. "ಅದೇ ಬರೀಬೇಕಿತ್ತು," ಎಂದ.

ನವೆಂಬರಿನ ಒಂದು ಸಂಜೆ ಇಗರ್ಜಿಯ ಅಂಗಳದಲ್ಲಿ ತಾಲೀಮು ನಡೆದಿತ್ತು. ನೋಡಲು ನಲವತ್ತು ಜನ ಸೇರಿದ್ದರು. ಮಾಸ್ತರು ಧೂಪಾರತಿ ಹಿಡಿದು ಬಂದರು. ಹುಲಿಯಾ ಎದುರು ನಿಂತ. ನಾನು ಹೇಳಿಕೊಟ್ಟದ್ದು ಗುಡುಗಿನಂಥ ಮಾತು. ಅವನು ಗುಡುಗಲಿಲ್ಲ.

"ಬ್ಯಾಡ ಒಡ್ಯಾ, ಹೊರಗೆ ನಡೀರಿ," ಎಂದ, ಮನೆಯ ಹಿರಿಯರನ್ನು ಕೆಸರಿನಿಂದ ಎಬ್ಬಿಸುವವನ ಹಾಗೆ. "ಇದು ನಿಮ್ ಕೆಲ್ಸ ಅಲ್ಲ. ನಿಮ್ಗೇ ಕೇಡು."

ಜನ ಚಪ್ಪಾಳೆ ತಟ್ಟಿದರು. ಮಾಸ್ತರು ಕೈಯೆತ್ತಿ ನಿಲ್ಲಿಸಿದರು.

"ಬರೆದದ್ದು ಹೇಳು."

ಅವನು ಬರೆದದ್ದು ಹೇಳಲು ಹೋಗಿ ತಡವರಿಸಿದ. ಮತ್ತೆ ಹೇಳಿಸಿದರು. ಹತ್ತು ಸಲವಾದರೂ ಹೇಳಿಸಿರಬೇಕು. ಚಪ್ಪಾಳೆ ತಟ್ಟಿದವರು ಈಗ ನೆಲ ನೋಡುತ್ತಿದ್ದರು. ಕೊನೆಗೆ ಮಾಸ್ತರು, "ಗದ್ದೆ ಕೆಸರು ತುಂಬಿದ ಬಾಯಿಗೆ ದೇವರ ಮಾತು ಹೇಗೆ ಹತ್ತಬೇಕು!" ಎಂದುಬಿಟ್ಟರು.

ಹುಲಿಯಾ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. "ನಂಗೆ ಕೊಯ್ಲು ಅದೆ, ಅಕ್ಕೋರೆ," ಎಂದು ನನಗೆ ಮಾತ್ರ ಹೇಳಿ ಗೇಟು ದಾಟಿದ.

ಪಾದ್ರಿ ಹತ್ತಿರ ಬಂದರು. "ಮಾಸ್ತರ, ಅವನನ್ನು ಕರೀರಿ. ಹೀಗೆ ಕಳಿಸಬಾರದು."

"ನೀವು ನಿನ್ನೆ ಬಂದವರು!" ಮಾಸ್ತರ ಮುಖ ಕೆಂಪೇರಿತು, ಧೂಪಾರತಿ ಇನ್ನೂ ಕೈಯಲ್ಲೇ ಇತ್ತು. "ಮೂವತ್ತು ವರ್ಷ ಈ ಇಗರ್ಜಿಯನ್ನು ಹೊತ್ತವ ನಾನು. ಇಲ್ಲಿ ನನ್ನ ತಡೆಯೂಕೆ ನೀವು ಯಾರು?"

ಕಟ್ಟೆಯ ಮೇಲೆ ಕೂತಿದ್ದ ಕಾಮಿ ಅದನ್ನೂ ನಾಟಕವೆಂದೇ ತಿಳಿದಳು. ಜೋರಾಗಿ ಕೈ ತಟ್ಟಿ, "ಹಾಂ! ರಾಜನ ಸೊಕ್ಕು ಅಂದ್ರೆ ಹಿಂಗಿರ್ಬೇಕು!" ಎಂದಳು.

ಯಾರೂ ನಗಲಿಲ್ಲ. ಮಾಸ್ತರು ಕಾಮಿಯನ್ನು ನೋಡಿದರು, ನನ್ನ ಕೈಯ ಹಾಳೆಗಳನ್ನು ನೋಡಿದರು. ಅರಸನ ಮುಂದಿನ ಮಾತು ಅಲ್ಲಿ ಹೆಚ್ಚು ಕಡಿಮೆ ಅದೇ ಇತ್ತು, ಬರೆಸಿದವರು ಅವರೇ. ಅವರ ಕೈ ತಾನಾಗಿ ಹಣೆಗೆ ಹೋಗಿ ಒಮ್ಮೆ ಸವರಿತು. ಧೂಪಾರತಿಯನ್ನು ಕೆಳಗಿಟ್ಟು ಮನೆಗೆ ನಡೆದರು.

ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಭಾನುವಾರ ನನ್ನ ಬಾಗಿಲು ತಟ್ಟಿ, "ಅವನ ಮನೆ ತೋರಿಸ್ತೀಯಾ?" ಎಂದರು. ಭಾವಿಕೇರಿಗೆ ಹೋಗುವ ದಾರಿಯಲ್ಲೇ ಸಿಗುವ ಊರು, ನನಗೆ ಗೊತ್ತಿತ್ತು. ಅಂಕೋಲೆಯ ಬಸ್ಸು ಹತ್ತಿದೆವು.

ಅವರ್ಸಾದಲ್ಲಿ ಹುಲಿಯಾ, ಅವನ ಹೆಂಡತಿ ಪುಟ್ಟು ಇಬ್ಬರೂ ಭತ್ತ ಕೊಯ್ಯುತ್ತಿದ್ದರು. ಮಾಸ್ತರು ಗದ್ದೆಯಂಚಿನ ಹಾಳಿಯ ಮೇಲೆ ಚಪ್ಪಲಿ ಬಿಟ್ಟು ಗದ್ದೆಗಿಳಿದು ಕೈ ಮುಗಿದರು. "ತಪ್ಪಾಯ್ತು ಹುಲಿಯಾ."

"ಅಯ್ಯೋ, ಬಿಡಿ ಮಾಸ್ತರೆ," ಎಂದು ಅವನು ನಾಚಿ ಹಿಂದೆ ಸರಿದ. ಪುಟ್ಟು ಕತ್ತಿ ಕೆಳಗಿಡಲಿಲ್ಲ.

"ಅಲ್ಲ, ಅಲ್ಲಿ ಊರ್ ಮಂದಿ ಎದ್ರಿಗೆ ಬೈದ್ರಿ. ಇಲ್ಲಿ ಗದ್ದೆ ಮೂಲೇಲಿ ತಪ್ಪಾಯ್ತು ಅಂತ್ರಿ. ಇದ್ಯಾವ ನ್ಯಾಯ?"

ಮಾಸ್ತರು ಮುಗಿದ ಕೈಯನ್ನು ಅವಳ ಕಡೆ ತಿರುಗಿಸಿದರು. "ನೀ ಹೇಳೂದು ಸರಿ ಮಗಾ," ಎಂದರು. "ನೀನೂ ಬಾ. ಬಂದು ಕೇಳು."

ನಾಟಕದ ದಿನ ಪುಟ್ಟು ಬಂದಳು, ಮೊದಲ ಬೆಂಚಿನಲ್ಲೇ ಕೂತಳು. ಪರದೆ ಏಳುವ ಮೊದಲು ಮಾಸ್ತರು ಅರಸನ ಉಡುಪಿನಲ್ಲೇ ಮುಂದೆ ಬಂದು, ಹುಲಿಯಾನ ಹೆಸರು, ಪಾದ್ರಿಯ ಹೆಸರು ಹಿಡಿದು, ತಾನು ಏನು ಅಂದೆ ಎಂಬುದನ್ನು ಒಂದಕ್ಷರ ಬಿಡದೆ ಹೇಳಿ ಕ್ಷಮೆ ಕೇಳಿದರು. ನಾಟಕದಲ್ಲಿ ಹುಲಿಯಾ ತನ್ನ ಮಾತಿನಲ್ಲೇ, "ಬ್ಯಾಡ ಒಡ್ಯಾ," ಎಂದ. ಯಾರೂ ತಿದ್ದಲಿಲ್ಲ.

ಅದರಿಂದ ಎಲ್ಲರಿಗೂ ಸಂತೋಷವಾಯಿತೆಂದೇನಲ್ಲ. ಹಿರಿಯನಾದವನು ಅಷ್ಟು ಬಗ್ಗಬಾರದಿತ್ತು ಎಂದರು ಕೆಲವರು. ಮಾಸ್ತರ ಮಾತು ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟರು. ಮರುವರ್ಷ ಇಗರ್ಜಿಯ ಸಮಿತಿಗೆ ಅವರ ಹೆಸರನ್ನು ಯಾರೂ ಸೂಚಿಸಲಿಲ್ಲ. ಅದು ಅವರಿಗೆ ನೋಯಿತು. ನಾನು ಕಣ್ಣಾರೆ ಕಂಡಿದ್ದೇನೆ.

೨೦೦೫ರಲ್ಲಿ ನನಗೆ ಅಂಕೋಲೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ನಾಲ್ಕು ವರ್ಷ ಬಿಟ್ಟು ನೋಡಲು ಹೋದಾಗ ಮಾಸ್ತರು ಸೊರಗಿದ್ದರು. ಜಗುಲಿಯ ಅದೇ ಜಾಗದಲ್ಲಿ ಕೂತೆವು.

"ಗರ್ವ ಹೋಯ್ತು ಅಂದ್ಕೊಂಡಿದ್ದೆ, ನಂದಿನಿಬಾಯ್," ಎಂದರು ನಗುತ್ತ. "ಹೋಗಿಲ್ಲ. ಈಗ, ನನ್ನ ಹಾಗೆ ಎಲ್ಲರೆದುರು ತಪ್ಪು ಒಪ್ಪಿದವ ಯಾರಿದ್ದಾನೆ ಅಂತ ಒಳಗಿಂದ ಹೇಳ್ತದೆ. ದಿನಾ ಹೊರಗೆ ಹಾಕ್ತೇನೆ. ದಿನಾ ಬರ್ತದೆ."

"ಬರ್ಲಿ ಬಿಡಿ, ನಿಮ್ಗೂ ಮಾತಾಡೂಕೆ ಯಾರಾದ್ರೂ ಬೇಕಲಾ," ಎಂದರು ನಾತಾಲಿನ್ ಬಾಯಿ ಒಳಗಿನಿಂದ. "ಬಾ ಗೋ ನಂದಿನಿ, ಬಾಂಗಡೆ ಮೀನು ಆಮೇಲೆ ತಣ್ಣಗಾಗ್ತದೆ."

ಮೂವರೂ ಅಡುಗೆಮನೆಯ ಚಾಪೆಯ ಮೇಲೆ ಕೂತು ಉಂಡೆವು. ಮಾಸ್ತರು ನನ್ನ ಶಾಲೆಯ ವಿಷಯ ಒಂದೊಂದಾಗಿ ಕೇಳಿದರು. ಮೂರು ಗಂಟೆಯ ಬಸ್ಸು ತಪ್ಪಿತು. ನಾಲ್ಕರದಕ್ಕೆ ಹೊರಟೆ.