ಗ್ರೂಪ್ ಫೋಟೊದ ಎಡತುದಿ

ಕೆರೆಯಲ್ಲಿ ಮುಳುಗಿ ತಮ್ಮ ಸತ್ತು ತಿಂಗಳುಗಳೇ ಕಳೆದರೂ ಅಕ್ಕ ಆ ದಿನದ ಫೋಟೊಗಳನ್ನು ತೆರೆದು ನೋಡಿರಲಿಲ್ಲ. ಅವಳ ಹೊಟ್ಟೆಪಾಡೇ ಫೋಟೊ ನೋಡುವುದು. ಸ್ಟುಡಿಯೊ ಒಂದರ ಹಿಂದಿನ ಕೋಣೆಯಲ್ಲಿ ಕುಳಿತು ಕಂಡವರ ಮದುವೆ, ಹುಟ್ಟುಹಬ್ಬಗಳ ಚಿತ್ರಗಳನ್ನು ಆರಿಸಿ ಆಲ್ಬಮ್ ಜೋಡಿಸುತ್ತಿದ್ದಳು. ತನ್ನ ಮನೆಯವರ ಫೋಲ್ಡರ್ ಮೇಲೆ ಒತ್ತಲು ಮಾತ್ರ ಕೈ ಬರುತ್ತಿರಲಿಲ್ಲ.

ಕೊನೆಗೆ ಹಟ ಹಿಡಿದವಳು ಅಮ್ಮ. "ಅವನು ನಕ್ಕಿರೋದು ಒಂದಾದ್ರೂ ಇದ್ದೇ ಇರುತ್ತೆ ಕಣೇ. ದೊಡ್ಡದು ಮಾಡಿಸ್ಕೊಂಡು ಬಾ. ಈ ಐಡಿ ಕಾರ್ಡಿನ ಫೋಟೊದಲ್ಲಿ ನನ್ನ ಮಗ ಯಾರೋ ಬಾಡಿಗೆದಾರನ ಥರ ಕಾಣ್ತಾನೆ."

ಅಂದು ನೆಂಟರೆಲ್ಲ, ಜೊತೆಗೆ ತಮ್ಮನ ಗೆಳೆಯನೊಬ್ಬ, ಸೇರಿ ಊರಾಚೆಯ ಕೆರೆಗೆ ಹೋಗಿದ್ದರು. ಊಟ ಮುಗಿದ ಮೇಲೆ ಅಕ್ಕ ಸ್ಟುಡಿಯೊದ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಲವು ಸೆಕೆಂಡಿಗೊಂದರಂತೆ ತಾನೇ ಫೋಟೊ ತೆಗೆಯುವ ಹಾಗೆ ಮಾಡಿ, ಓಡಿಹೋಗಿ ಸಾಲಿನ ನಡುವೆ ನಿಂತಿದ್ದಳು. ಎಲ್ಲರೂ ಕೆರೆಗೆ ಬೆನ್ನು ಹಾಕಿ ನಿಂತಿದ್ದರು. ಎಡತುದಿಯಲ್ಲಿ ತಮ್ಮ. ಒಂದೆರಡು ಫೋಟೊ ಆಗುವಷ್ಟರಲ್ಲಿ ಅವನು, "ಏನು ಸೆಖೆ ಮಾರಾಯ್ರೇ, ಒಂದು ಮುಳುಗು ಹಾಕಿ ಬರ್ತೀನಿ" ಎಂದು ಜಾರಿಕೊಂಡ. "ಅವನನ್ನ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ, ನೀವು ನಗ್ತಾ ಇರಿ" ಎಂದು ಅಪ್ಪ ಹಿಂದೆಯೇ ಹೋದ. ಕಾರಿನಲ್ಲಿ ಹಾಡು ಜೋರಾಗಿ ಹಾಕಿತ್ತು. ಹಿಂದೆ ಏನೋ ಗದ್ದಲವಾಯಿತೆಂದು ಎಲ್ಲರೂ ತಿರುಗುವ ಹೊತ್ತಿಗೆ ತಮ್ಮನ ಗೆಳೆಯ ಅವನನ್ನು ದಡಕ್ಕೆ ಎಳೆದು ತರುತ್ತಿದ್ದ. ತಮ್ಮನಲ್ಲಿ ಉಸಿರಿರಲಿಲ್ಲ.

ಅಪ್ಪ ಪೊಲೀಸರಿಗೆ ಹೇಳಿದ್ದು ಬೇರೆ. ಗೆಳೆಯ ಮೊದಲೇ ನೀರಿನಲ್ಲಿದ್ದ, ತಮಾಷೆಗೆ ತಮ್ಮನನ್ನು ಆಳಕ್ಕೆ ಎಳೆದ, ತಲೆ ಅದುಮಿದ, ತಾನು ದಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದ. ಗೆಳೆಯ ಗೋಗರೆದ: "ನಾನು ಸಾಲಲ್ಲೇ ನಿಂತಿದ್ದೆ ಸಾರ್, ಅವನು ಮುಳುಗ್ತಿರೋದು ನೋಡಿ ಹಾರಿದೆ." ಆದರೆ ಅವನು ನಿಂತಿದ್ದದ್ದು ಹಿಂದಿನ ಸಾಲಿನಲ್ಲಿ, ದೊಡ್ಡಪ್ಪನ ಅಗಲವಾದ ಬೆನ್ನಿನ ಹಿಂದೆ. ಯಾವಾಗ ಹೋದನೆಂದು ಯಾರೂ ನೋಡಿರಲಿಲ್ಲ. ಅಪ್ಪನೋ, ಸರ್ವಿಸ್ಸಿಡೀ ಒಂದು ನಾಯಿಗೂ ಬಸ್ಸು ತಾಗಿಸದ ಡ್ರೈವರ್. ಇಬ್ಬರು ಮಕ್ಕಳಿಗೂ ಅದೇ ಕೆರೆಯಲ್ಲಿ ಈಜು ಕಲಿಸಿದವನು. ಅವನ ಮಾತನ್ನು ಯಾರು ತೆಗೆದುಹಾಕುತ್ತಾರೆ? ಗೆಳೆಯ ಜೈಲು ಸೇರಿದ. ಅವನ ತಾಯಿ ಬಾಗಿಲಿಗೆ ಬಂದು ಕೈಮುಗಿದಾಗ ಅಮ್ಮ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದಳು. ಅಂದು ಅಕ್ಕನೂ ಒಳಗೇ ಇದ್ದಳು. ಸರಿಯಾಗಿಯೇ ಆಯಿತು ಅಂದುಕೊಂಡಿದ್ದಳು.

ಫೋಟೊಗಳನ್ನು ಪೊಲೀಸರೂ ನೋಡಿದ್ದರು. ಠಾಣೆಯ ಕಂಪ್ಯೂಟರಿನಲ್ಲಿ ಮುಂದಿನ ಚಿತ್ರಕ್ಕೆ ಹೋದಾಗಲೆಲ್ಲ ಅದು ಪರದೆಯಷ್ಟಕ್ಕೆ ಕುಗ್ಗಿ ಇಡಿಯಾಗಿ ಬರುತ್ತಿತ್ತು. ಸಾಲಾಗಿ ನಿಂತ ನೆಂಟರು, ಹಿಂದೆ ಮಸುಕು ನೀರು. "ಎಲ್ಲ ಹಲ್ಲು ಕಿರಿದು ನಿಂತಿದ್ದೀರಿ, ಇದರಲ್ಲೇನಿದೆ?" ಎಂದು ಅಧಿಕಾರಿ ಕ್ಯಾಮೆರಾದ ಕಾರ್ಡನ್ನು ಹಿಂದಕ್ಕೆ ಕೊಟ್ಟಿದ್ದ.

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಹಾಗಲ್ಲ. ಒಂದು ಮುಖವನ್ನು ಹಿಗ್ಗಿಸಿಟ್ಟು ಬಾಣದ ಗುಂಡಿ ಒತ್ತುತ್ತ ಹೋದರೆ ಮುಂದಿನ ಚಿತ್ರದಲ್ಲೂ ಅದೇ ಜಾಗ, ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು; ಯಾವುದರಲ್ಲಿ ಯಾರು ಕಣ್ಣು ಮುಚ್ಚಿದ್ದಾರೆಂದು ಹಿಡಿಯಲು ಯಜಮಾನ ಮಾಡಿಸಿಟ್ಟಿದ್ದ ಏರ್ಪಾಡು ಅದು. "ಮದುಮಗನ ಮಾವ ಆಲ್ಬಮ್ ತುಂಬ ತೂಕಡಿಸಿದ್ರೆ ನಮಗೆ ಮುಂದಿನ ಮದುವೆ ಸಿಗೋದಿಲ್ಲ" ಎನ್ನುತ್ತಿದ್ದ.

ಅಕ್ಕ ಮೊದಲ ಚಿತ್ರದಲ್ಲಿ ಎಡತುದಿಯ ತಮ್ಮನ ಮುಖವನ್ನು ಹಿಗ್ಗಿಸಿದಳು. ಬಾಯ್ತುಂಬ ನಗು. ಇದಕ್ಕಿಂತ ಚೆನ್ನಾಗಿರುವುದು ಇದೆಯೇನೋ ಎಂದು ಬಾಣ ಒತ್ತಿದಳು. ಅಲ್ಲಿಯೂ ಇದ್ದ. ಮತ್ತೆ ಒತ್ತಿದಳು. ಅವನಿರಲಿಲ್ಲ, ಅವನಿದ್ದ ಜಾಗದಲ್ಲಿ ದೊಡ್ಡಪ್ಪನ ಕಿವಿ, ಅದರಾಚೆ ಕೆರೆ. ಚಿತ್ರವನ್ನು ಚಿಕ್ಕದು ಮಾಡುವ ಬದಲು ಅವಳ ಬೆರಳು ಬಾಣವನ್ನೇ ಒತ್ತುತ್ತ ಹೋಯಿತು. ಕಾಳುಕಾಳಾಗಿ ಒಡೆದ ನೀರಿನಲ್ಲಿ ಒಂದು ಕಪ್ಪು ತಲೆ. ದಡದಲ್ಲಿ ಅಪ್ಪನ ಬಿಳಿ ಅಂಗಿ. ಮುಂದಿನದರಲ್ಲಿ ತಲೆಯ ಪಕ್ಕ ಮೇಲೆದ್ದ ಕೈ. ಅದೇ ಚಿತ್ರದಲ್ಲಿ ದೊಡ್ಡಪ್ಪನ ಕಿವಿಯ ಹಿಂದೆ ಗೆಳೆಯನ ಅರ್ಧ ಮುಖವಿತ್ತು. ಅವನು ಇನ್ನೂ ಸಾಲಿನಲ್ಲೇ ಇದ್ದ, ಕತ್ತು ಆಗಷ್ಟೇ ನೀರಿನ ಕಡೆಗೆ ಹೊರಳಿತ್ತು. ಆಮೇಲಿನದರಲ್ಲಿ ಅವನು ಓಡುತ್ತಿದ್ದ. ಅದರ ಮುಂದಿನದರಲ್ಲಿ ಅಪ್ಪನನ್ನು ದಾಟಿ ನೀರಿಗೆ ಹಾರಿದ್ದ. ಅಷ್ಟರಲ್ಲಿ ಮೇಲೆದ್ದ ಕೈ ಕಾಣದಾಗಿತ್ತು.

ಒಂದೊಂದು ಚಿತ್ರದಲ್ಲೂ ಅಪ್ಪ ನಿಂತೇ ಇದ್ದ. ಒಂದರಲ್ಲಿ ಎರಡೂ ಕೈ ತಲೆಯ ಮೇಲಿದ್ದವು. ಇನ್ನೊಂದರಲ್ಲಿ ಒಂದು ಹೆಜ್ಜೆ ಹಿಂದೆ ಸರಿದಿದ್ದ.

ಮರುದಿನ ಮಧ್ಯಾಹ್ನ, ಫೋಟೊ ಆರಿಸಬೇಕು ಬನ್ನಿ ಎಂದು ಅವಳು ಅಪ್ಪನನ್ನು ಸ್ಟುಡಿಯೊಗೆ ಕರೆತಂದಳು. ಕನ್ನಡಕ ಒರೆಸಿಕೊಂಡು ಅಪ್ಪ ಪರದೆಯ ಮುಂದೆ ಕುಳಿತ. ಅವಳು ಬಾಣ ಒತ್ತುತ್ತ ಹೋದಳು. ಬಿಳಿ ಅಂಗಿ ಬಂದಾಗ ಅಪ್ಪ ಪರದೆಗೆ ಕೈ ಅಡ್ಡ ಹಿಡಿದ.

"ಚಿಕ್ಕದು ಮಾಡು" ಎಂದ.

"ಇನ್ನೂ ಇದೆ ಅಪ್ಪ."

"ಚಿಕ್ಕದು ಮಾಡೇ, ನಿನ್ನ ದಮ್ಮಯ್ಯ."

ಮಾಡಿದಳು. ನೆಂಟರೆಲ್ಲ ಒಟ್ಟಿಗೆ ಪರದೆಗೆ ಬಂದು ನಕ್ಕರು. ಅವರ ನಡುವೆ ಅವಳೂ ಇದ್ದಳು.

"ಕಾಲು ಏಳಲಿಲ್ಲ" ಎಂದ ಅಪ್ಪ. "ದೇವರಾಣೆ ಏಳಲಿಲ್ಲ. ಹಾರಬೇಕು ಅಂತ ತಲೆ ಹೇಳ್ತಿತ್ತು, ಕಾಲು ನನ್ನದೇ ಅಲ್ಲ. ಆ ಹುಡುಗ ಪಕ್ಕದಲ್ಲೇ ಓಡಿಹೋದ. ಅವನ ಕಾಲು ಎದ್ದವು."

"ಮತ್ತೆ ಅವನ ಮೇಲೇ ಯಾಕೆ ಹೇಳಿದ್ರಿ?"

"ನಿಮ್ಮಮ್ಮ ಬಂದು ಅಂಗಿ ಹಿಡ್ಕೊಂಡು ಕೇಳಿದಳು, ನೀವೆಲ್ಲಿದ್ರಿ ಅಂತ. ಬಾಯಿಗೆ ಅದು ಬಂತು. ಬಂದ ಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ." ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಇದನ್ನ ಅಳಿಸಿಬಿಡು" ಎಂದ. "ಹೋದವನು ಹೋದ. ಇದು ಗೊತ್ತಾದ್ರೆ ಅವಳು ಬದುಕೋಲ್ಲ."

"ಜೈಲಲ್ಲಿರೋ ಹುಡುಗನ ತಾಯಿ ಬದುಕಿದ್ದಾರಾ ಅಪ್ಪ?"

ಅಪ್ಪ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದ.

ಅಕ್ಕ ಆ ಚಿತ್ರಗಳನ್ನು ಗೆಳೆಯನ ವಕೀಲರಿಗೆ ಕೊಟ್ಟಳು. ನ್ಯಾಯಾಲಯದ ಪರದೆಯ ಮೇಲೆ ಅವು ಬರುವ ಮೊದಲೇ ಅಪ್ಪ ಎದ್ದು ನಿಂತು, ತಾನು ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡ. ಸುಳ್ಳು ಸಾಕ್ಷಿಗಾಗಿ ಅವನ ಮೇಲೆ ಬೇರೆ ಕೇಸು ಆಯಿತು.

ಅಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ಅವನ ಮುಂದೆ ತಟ್ಟೆ ಇಟ್ಟು, ಗೋಡೆಯ ಕಡೆ ತಿರುಗಿ ಕುಳಿತಿರುತ್ತಿದ್ದಳು. ಅವಳ ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. "ಫೋಟೊ ತಂದುಕೊಡು ಅಂದ್ರೆ ನನ್ನ ಸಂಸಾರಕ್ಕೇ ಬೆಂಕಿ ತಂದೆ. ಮಗ ಹೋದ. ಇದ್ದ ಒಬ್ಬ ಗಂಡನನ್ನೂ ಕಿತ್ಕೊಂಡೆ. ತೃಪ್ತಿಯಾಯ್ತಾ?" ಅಕ್ಕ ಬಟ್ಟೆಬರೆ ಕಟ್ಟಿಕೊಂಡು ಸ್ಟುಡಿಯೊ ಬಳಿ ಒಂದು ಕೋಣೆ ಹಿಡಿದಳು. ಹೊರಡುವಾಗ ಅಪ್ಪ ಚೀಲವನ್ನು ಬಾಗಿಲವರೆಗೆ ಹೊತ್ತು ತಂದ. ಅವಳ ಮುಖ ನೋಡಲಿಲ್ಲ.

ಗೆಳೆಯ ಬಿಡುಗಡೆಯಾದ ದಿನ ಅವಳು ಜೈಲಿನ ಗೇಟಿನ ಬಳಿ ಹೋದಳು. ಅವನು ಅರ್ಧಕ್ಕೆ ಇಳಿದಿದ್ದ. ತಾಯಿ ಅವನ ತೋಳು ಬಿಡದೆ ಹಿಡಿದಿದ್ದರು. ಅಕ್ಕನನ್ನು ಕಂಡು ಮುಖ ತಿರುಗಿಸಿದರು. ಅವನು ತಾಯಿಯ ಕೈ ಮೆಲ್ಲಗೆ ಬಿಡಿಸಿಕೊಂಡು ಹತ್ತಿರ ಬಂದ.

"ಒಳ್ಳೇದಾಯ್ತು ಅಕ್ಕ, ನೀವು ನೋಡಿದ್ದು" ಎಂದ. "ಒಳಗೆ ಕೂತು ಕೂತು, ನಾನೇ ಎಳೆದೆನೇನೋ ಅನ್ನಿಸೋಕೆ ಶುರುವಾಗಿತ್ತು. ಅವನ ಕಾಲು ಹೂಳಲ್ಲಿ ಹೂತಿತ್ತು. ಕೈ ಸಿಕ್ಕಿತ್ತು. ಜಾರಿಹೋಯ್ತು."

ಅವಳು ಕೇಳಬಾರದೆಂದುಕೊಂಡೇ ಬಂದಿದ್ದಳು, ಆದರೂ ಕೇಳಿದಳು. "ಅವನು ಏನಾದ್ರೂ ಕೂಗಿದ್ನಾ?"

ಗೆಳೆಯ ರಸ್ತೆಯ ಕಡೆ ನೋಡಿದ.

"ಅಪ್ಪ ಅಂತ ಕೂಗ್ತಿದ್ದ. ನಾನು ನೀರಿಗೆ ಹಾರೋವರೆಗೂ ಅದನ್ನೇ ಕೂಗ್ತಿದ್ದ."

ಅವನ ತಾಯಿ ದೂರದಿಂದ ಕರೆದರು. ಅವನು ಹೋದ. ಅಕ್ಕ ಬಸ್ಸು ಹತ್ತಿ ಸ್ಟುಡಿಯೊಗೆ ಬಂದು, ಬಾಕಿ ಉಳಿದಿದ್ದ ಆಲ್ಬಮ್ ಮುಗಿಸಲು ಕುಳಿತಳು. ಈ ಒಂದು ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.