ಮೂರು ಮಹಡಿಯ ಒಡತಿ

ಮನೆಗೆಲಸಕ್ಕೆ ಹೋಗುವ ಪಾತ್ರೆಯವಳ ತಲೆಯ ಮೇಲೆ ಸ್ವಂತ ಸೂರಿರಲಿಲ್ಲ. ಇದ್ದದ್ದು ಬಾಡಿಗೆಯ ತಗಡಿನ ಕೋಣೆ, ಅದರೊಳಗೆ ಕಿಡ್ನಿ ಕೈಕೊಟ್ಟ ಗಂಡ. ವಾರಕ್ಕೆರಡು ಸಲ ಅವನಿಗೆ ಡಯಾಲಿಸಿಸ್ ಆಗಬೇಕು. ಬಡವರ ಕಾರ್ಡಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆ ಕಾರ್ಡನ್ನೇ ರದ್ದು ಮಾಡಿದ್ದರು.

"ಮೂರು ಮಹಡಿ ಮನೆ ಇಟ್ಕೊಂಡು ಬಡವರ ಪಾಲಿಗೆ ಬಾಯಿ ಹಾಕ್ತೀಯಲ್ಲ, ಮಾನ ಮರ್ಯಾದೆ ಇದೆಯಾ ನಿಂಗೆ?" ಎಂದ ಪಡಿತರ ಕಚೇರಿಯ ಗುಮಾಸ್ತ.

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಗುಮಾಸ್ತ ವಿಳಾಸ ಓದಿದಾಗ ನಗು ನಿಂತಿತು. ಅದು ಅವಳ ಯಜಮಾನರ ಕಟ್ಟಡ. ವಾರಕ್ಕೊಮ್ಮೆ ಅದರ ಮೆಟ್ಟಿಲು ಒರೆಸುವವಳು ಇವಳೇ. ಎರಡು ವರ್ಷದ ಹಿಂದೆ ಕೆಲಸದವರಿಗೆ ವಿಮೆ ಎಂದು ಹೇಳಿ ಅವರು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆದು ಗುರುತು ಮೂಡಿರಲಿಲ್ಲ. ಎಲ್ಲಿ ವಿಮೆ ತಪ್ಪೀತೋ ಎಂದು ಅವಳೇ ಬೆರಳಿಗೆ ಎಣ್ಣೆ ಸವರಿ, ಒಂಬತ್ತು ಸಲ ಒತ್ತಿ ಕೊಟ್ಟಿದ್ದಳು.

ಅವಳು ಹೋಗಿ ಕೇಳಿದಾಗ ಯಜಮಾನರು ಸಿಟ್ಟಾಗಲಿಲ್ಲ.

"ಎಲ್ಲಾ ನನ್ನ ಹೆಸರಲ್ಲೇ ಇದ್ರೆ ತೆರಿಗೆಗೆ ಹೋಗುತ್ತೆ ಕಣೇ. ಆ ದುಡ್ಡಲ್ಲಿ ಸರ್ಕಾರ ಸಾಕೋದು ಯಾರನ್ನ? ನಿನ್ನಂಥೋರನ್ನ. ಅದನ್ನ ನಾನೇ ಮಾಡ್ತಿಲ್ವಾ?"

ಅಡುಗೆಯವನ ಹೆಸರಿನಲ್ಲಿ ಗೋದಾಮಿದೆ, ಡ್ರೈವರನ ಹೆಸರಿನಲ್ಲಿ ಎರಡು ಅಂಗಡಿಗಳಿವೆ, ಅವರಿಗಿಲ್ಲದ ಉರಿ ಇವಳಿಗೇಕೆ ಎಂದು ಯಜಮಾನಿ ಒಳಗಿನಿಂದಲೇ ಗದರಿದಳು. ನಾಳೆಯಿಂದ ಬರಬೇಡ ಎಂದೂ ಹೇಳಿದಳು.

ಡಯಾಲಿಸಿಸ್ ಇಲ್ಲದೆ ಎರಡು ವಾರದಲ್ಲಿ ಗಂಡ ಊದಿಕೊಂಡ. ಪಾತ್ರೆಯವಳು ಮತ್ತೆ ಕಚೇರಿಗೆ ಹೋಗಿ, ಕಾರ್ಡು ಯಾಕಿಲ್ಲ ಎಂಬುದನ್ನು ಬರೆದುಕೊಡಿ ಎಂದು ಕೂತಳು. ಪೀಡೆ ತೊಲಗಲಿ ಎಂದು ಗುಮಾಸ್ತ, ಮೂರು ಮಹಡಿ ಮನೆ ಇವಳದು ಎಂದು ವಿಳಾಸ ಸಮೇತ ಬರೆದು ಮೊಹರು ಒತ್ತಿದ.

ಅವಳು ಗಂಡನನ್ನು ತರಕಾರಿ ಗಾಡಿಯ ಮೇಲೆ ಮಲಗಿಸಿಕೊಂಡು ಕಟ್ಟಡಕ್ಕೆ ಬಂದಳು.

"ಎಲ್ಲಿಗಕ್ಕಾ?" ಎಂದ ಕಾವಲುಗಾರ.

"ನನ್ನ ಮನೆಗೆ."

ಅವನು ಕಾಗದವನ್ನು ಎರಡು ಸಲ ಓದಿ ಗೇಟು ತೆರೆದ. ಕೆಳಮಹಡಿ ಖಾಲಿಯಿತ್ತು. ಅವಳು ಕಲ್ಲಿನಿಂದ ಬೀಗ ಜಜ್ಜಿ ಒಡೆದಳು. ಅವಳೂ ಕಾವಲುಗಾರನೂ ಸೇರಿ ಗಂಡನನ್ನು ನಡುಮನೆಯಲ್ಲಿ ಮಲಗಿಸಿದರು.

ಯಜಮಾನರು ಪೊಲೀಸಿನವನನ್ನು ಕರೆತಂದರು. ಅವನು ಕಾಗದ ನೋಡಿ, ಮನೆ ಯಾರದ್ದು ಸಾರ್ ಎಂದು ಕೇಳಿದ.

"ಹೇಳು," ಎಂದಳು ಪಾತ್ರೆಯವಳು. "ನಿಂದು ಅಂದ್ರೆ ಇವರ ಮುಂದೆ ಬರೆದುಕೊಟ್ಟು ತೆರಿಗೆ ಕಟ್ಟು. ನಂದು ಅಂದ್ರೆ ಆಚೆ ನಡಿ, ಬೋಳಿಮಗನೇ."

ಯಜಮಾನರು ತಮ್ಮ ಬೂಟು ನೋಡುತ್ತ ನಿಂತರು. ಅಷ್ಟು ಹೊತ್ತೂ ಕೇಳುತ್ತಿದ್ದ ಗಂಡನ ಗೊರಗೊರ ಸದ್ದು ಆಗ ನಿಂತುಹೋಯಿತು.

ಅವಳ ಕಡೆ ಹೋದದ್ದು: ನಾಲ್ಕು ಡಯಾಲಿಸಿಸ್, ಒಂದು ಕೆಲಸ, ಒಬ್ಬ ಗಂಡ. ಯಜಮಾನರ ಕಡೆ ಒಂದು ಬೀಗ.